‘ಒಂದು ಟಾಪಿಕ್ ಹೇಳಿ ಮೇಡಂ’ ಅನ್ನುವವರಿಗೆ: ಎಂಬಿಎ, ಎಂಎಡ್, ಎಂಟೆಕ್ ಸಂಶೋಧನೆ ನಮ್ಮ ಸೀಮೆಯಲ್ಲೇ ಮಾಡುವುದು ಹೇಗೆ

ವರ್ಷಕ್ಕೆ ಎರಡು ಸಲ, ಸೆಮಿಸ್ಟರ್ ಶುರುವಾದ ಕೂಡಲೇ, ನನ್ನ ಫೋನಿಗೆ ಒಂದೇ ಮೆಸೇಜು ಬೇರೆ ಬೇರೆ ನಂಬರಿನಿಂದ ಬರುತ್ತದೆ. ‘ಮೇಡಂ, ಒಂದು ಟಾಪಿಕ್ ಹೇಳಿ.’ ಬಳ್ಳಾರಿಯ ಎಂಬಿಎ ಹುಡುಗ, ಸಿಂಧನೂರಿನ ಎಂಎಡ್ ಹುಡುಗಿ, ಗಂಗಾವತಿಯಿಂದ ಎಂಟೆಕ್‌ಗೆ ಸೇರಿದವರು, ಎಲ್ಲರದ್ದೂ ಅದೇ ಪ್ರಶ್ನೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಎಲ್ಲ ಒಂದೇ ಕಡೆ ಇರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಟಾಪಿಕ್ ಹೇಳುವುದು ಸುಲಭ. ಐದು ನಿಮಿಷದಲ್ಲಿ ಹತ್ತು ಹೇಳಬಹುದು. ಆದರೆ ನಾನು ಹೇಳಿದ ಟಾಪಿಕ್‌ಗೆ ಮಾಹಿತಿ ಕೊಡುವವರು ಯಾರು? ಅಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಆದ್ದರಿಂದ ನನ್ನ ಸಲಹೆ ಒಂದೇ: ಮೊದಲು ನಿಮಗೆ ಯಾರ ಬಾಗಿಲು ತೆರೆಯುತ್ತದೆ ನೋಡಿಕೊಳ್ಳಿ, ಟಾಪಿಕ್ ಆಮೇಲೆ ಬರೆಯಿರಿ.

1. ನಿಮಗೆ ಯಾವ ವಿವಿಯ ನಿಯಮ ಅನ್ವಯಿಸುತ್ತದೆ?

ನಗಬೇಡಿ, ಇದರಲ್ಲೇ ಎಡವುವವರಿದ್ದಾರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ಕೊಪ್ಪಳದ ಕಾಲೇಜುಗಳೂ ಅದರಡಿ ಇದ್ದವು, ಈಗ ಕೊಪ್ಪಳಕ್ಕೆ ತನ್ನದೇ ವಿವಿ ಬಂದಿದೆ. ರಾಯಚೂರಿನ ವಿವಿ ಗುಲ್ಬರ್ಗಾದಿಂದ ಬೇರೆಯಾಗಿ ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ ಆಗಿದೆ. ಎಂಜಿನಿಯರಿಂಗ್ ಕಾಲೇಜುಗಳು ಬಹುತೇಕ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು ಅಡಿ ಬರುತ್ತವೆ. ಆ ಕಾಲೇಜುಗಳಲ್ಲಿರುವ ಎಂಬಿಎ ಕೂಡ ವಿಟಿಯುದೇ. ಅಂದರೆ ಬಳ್ಳಾರಿ ಒಂದೇ ಊರಲ್ಲಿ ಎರಡು ಥರದ ಎಂಬಿಎ, ಎರಡು ಥರದ ಪ್ರಾಜೆಕ್ಟ್ ನಿಯಮ.

ಸೀನಿಯರ್ ಕೊಟ್ಟ ಹಳೆಯ ರಿಪೋರ್ಟ್ ಇಟ್ಟುಕೊಂಡು ಅದರ ಹಾಗೆಯೇ ಮಾಡಬೇಡಿ. ಅವರ ವಿವಿ ಬೇರೆ ಇದ್ದಿರಬಹುದು, ಸ್ಕೀಮ್ ಬದಲಾಗಿರಬಹುದು. ನಿಮ್ಮ ವರ್ಷದ ಸಿಲಬಸ್‌ನಲ್ಲಿ ಪ್ರಾಜೆಕ್ಟ್ ಪುಟ ಯಾವುದಿದೆಯೋ ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.

ಪಿಎಚ್‌ಡಿ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ 55 ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ, ಇಡಬ್ಲ್ಯುಎಸ್, ಅಂಗವಿಕಲರಿಗೆ ಶೇ 5 ರಿಯಾಯಿತಿ ಇದೆ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಬೇಕಾದರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ ಅದರ ಮೇಲೂ 2 ವರ್ಷ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಒಬ್ಬ ಪ್ರೊಫೆಸರ್ ಒಮ್ಮೆಗೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಗೈಡ್ ಆಗಬಹುದು. ಹಾಗಾಗಿ ‘ಸರ್ ಒಪ್ಪಿದ್ದಾರೆ’ ಅಂದರೆ ಸಾಲದು, ಅವರ ಹತ್ತಿರ ಸೀಟು ಖಾಲಿ ಇದೆಯಾ ಕೇಳಿ. ಕೆಲಸದಲ್ಲಿದ್ದು ಪಾರ್ಟ್‌ಟೈಮ್ ಮಾಡುವವರು ಆಫೀಸಿನಿಂದ ಎನ್ಒಸಿ, ಅಂದರೆ ‘ನಮ್ಮ ತಕರಾರಿಲ್ಲ’ ಅನ್ನುವ ಪತ್ರ, ಮೊದಲೇ ತೆಗೆದುಕೊಳ್ಳಿ.

2. ಬಾಗಿಲು ಹುಡುಕಿ

ಒಂದು ಹಾಳೆಯಲ್ಲಿ ನಿಮಗೆ ಗೊತ್ತಿರುವವರ ಪಟ್ಟಿ ಮಾಡಿ. ಮಾವ ಕಾರಟಗಿಯ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರಾ? ಅಕ್ಕ ದೇವದುರ್ಗದ ಹತ್ತಿರ ಪ್ರಾಥಮಿಕ ಶಾಲೆಯ ಟೀಚರಾ? ಪಕ್ಕದ ಮನೆಯವರು ಶಕ್ತಿನಗರದ ಥರ್ಮಲ್‌ನಲ್ಲೋ ಹಟ್ಟಿ ಗಣಿಯಲ್ಲೋ ಇದ್ದಾರಾ? ಕೌಲ್ ಬಜಾರಿನಲ್ಲಿ ಯಾರಾದರೂ ಜೀನ್ಸ್ ಹೊಲಿಸುತ್ತಾರಾ? ಅಂಥ ಹೆಸರು ಐದು ಸಿಕ್ಕರೆ ನಿಮ್ಮ ಅರ್ಧ ಸಂಶೋಧನೆ ಆಯಿತು.

ನಾನು ಇದನ್ನು ತಿರುಗುಮುರುಗು ಮಾಡಿದವಳು. ಟೈಟಲ್ ರಿಜಿಸ್ಟರ್ ಮಾಡಿಸಿ, ಆಮೇಲೆ ಒಂದು ದೊಡ್ಡ ಕಾರ್ಖಾನೆಯ ಗೇಟಿಗೆ ಹೋದೆ. ಹೆಚ್‌ಆರ್‌ನವರು ‘ಮೇಲ್ ಹಾಕಿ’ ಅಂದರು. ನಾಲ್ಕು ತಿಂಗಳು ಮೇಲ್ ಹಾಕಿದೆ. ಕೊನೆಗೆ ಟೈಟಲ್ ಬದಲಿಸಲು ಮತ್ತೆ ಫೀಸು ಕಟ್ಟಿದೆ, ಅಷ್ಟೇ.

3. ಪ್ರಶ್ನೆಯನ್ನು ಸಣ್ಣದು ಮಾಡಿ

‘ಉದ್ಯೋಗಿಗಳ ತೃಪ್ತಿ: ಒಂದು ಅಧ್ಯಯನ’ ಅನ್ನುವ ರಿಪೋರ್ಟ್ ನಿಮ್ಮ ಲೈಬ್ರರಿಯಲ್ಲಿ ಈಗಾಗಲೇ ಇಪ್ಪತ್ತಾದರೂ ಇರುತ್ತದೆ. ಅದು ಪ್ರಶ್ನೆಯೇ ಅಲ್ಲ, ಬರೀ ವಿಷಯ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಕೂರುತ್ತದಾ ಅಂತ ನೋಡಿ. ಕೂರದಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ.

ಎಂಬಿಎಗೆ: ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರು ಮಾಲೀಕರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿರುತ್ತಾರೆ. ಅಡ್ವಾನ್ಸ್ ಇದ್ದವರು ಒಂದೇ ಯೂನಿಟ್‌ನಲ್ಲಿ ಜಾಸ್ತಿ ದಿನ ನಿಲ್ಲುತ್ತಾರಾ? ಇದು ಪ್ರಶ್ನೆ. ಹತ್ತು ಯೂನಿಟ್ ಸುತ್ತಿದರೆ ಉತ್ತರ ಸಿಗುತ್ತದೆ.

ಎಂಎಡ್‌ಗೆ: ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದ ನಾಲ್ಕನೇ ತರಗತಿಯ ಮಗು, ಊರಲ್ಲೇ ಉಳಿದ ಮಗುವಿಗಿಂತ ಕನ್ನಡ ಓದುವುದರಲ್ಲಿ ಎಷ್ಟು ಹಿಂದೆ ಬಿದ್ದಿರುತ್ತದೆ? ಎಲ್ಲಿ ಹಿಂದೆ ಬಿದ್ದಿರುತ್ತದೆ, ಒತ್ತಕ್ಷರದಲ್ಲಾ, ಅರ್ಥ ಮಾಡಿಕೊಳ್ಳುವುದರಲ್ಲಾ?

ಎಂಟೆಕ್‌ಗೆ: ಗಂಗಾವತಿ ಕಡೆಯ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ರಾಶಿ ಬಿದ್ದಿರುತ್ತದೆ. ಸಿಮೆಂಟಿನ ಒಂದು ಪಾಲು ತೆಗೆದು ಆ ಬೂದಿ ಹಾಕಿದರೆ ಕಾಂಕ್ರೀಟಿನ ಬಲ ಎಲ್ಲಿಯವರೆಗೆ ಉಳಿಯುತ್ತದೆ? ಹೊಟ್ಟಿನ ಬೂದಿಯ ಮೇಲೆ ಬಹಳ ಕೆಲಸ ಆಗಿದೆ, ನಿಜ. ಆದರೆ ಆ ಪ್ರಯೋಗಗಳಲ್ಲಿ ಅನೇಕವು ಹದವಾಗಿ ಸುಟ್ಟ ಬೂದಿಯದು. ನಮ್ಮ ಮಿಲ್ಲಿನ ಬಾಯ್ಲರ್ ಬೂದಿ ಕಪ್ಪಗಿರುತ್ತದೆ, ಸುಡದೆ ಉಳಿದ ಇಂಗಾಲ ಜಾಸ್ತಿ. ಒಂದು ಮಿಲ್ಲಿನದು ಇನ್ನೊಂದರ ಹಾಗಿರುವುದಿಲ್ಲ. ನಿಮಗೆ ಹೊಸದು ಹೇಳಲು ಜಾಗ ಇರುವುದು ಅಲ್ಲೇ.

ಈ ಮೂರನ್ನು ಹಾಗೇ ನಕಲು ಮಾಡಬೇಡಿ. ಇದನ್ನು ನಿಮ್ಮ ಗೈಡ್ ಕೂಡ ಓದಿರಬಹುದು.

4. ಆಗಲೇ ಯಾರು ಏನು ಮಾಡಿದ್ದಾರೆ ನೋಡಿ

ಇದಕ್ಕೆ ‘ಲಿಟರೇಚರ್ ರಿವ್ಯೂ’ ಅನ್ನುತ್ತಾರೆ. ಸಾಹಿತ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ, ಹಿಂದಿನವರ ಕೆಲಸದ ಓದು ಅಂತ ತಿಳಿಯಿರಿ. ದೇಶದ ಪಿಎಚ್‌ಡಿ ಪ್ರಬಂಧಗಳು ‘ಶೋಧಗಂಗಾ’ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ ಸರ್ಕಾರಿ ವಿವಿ, ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ನಿಮ್ಮ ಲೈಬ್ರರಿಯನ್‌ಗೆ ಲಾಗಿನ್ ಕೇಳಿ. ಖಾಸಗಿ ಕಾಲೇಜಿನವರಾದರೆ ಸರ್ಕಾರಿ ವಿವಿಯಲ್ಲಿರುವ ಗೆಳೆಯರನ್ನು ಹಿಡಿಯಿರಿ.

ಓದಿದ್ದನ್ನು ‘ಜೊಟೆರೊ’ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿಡಿ. ಕೊನೆಯ ವಾರ ಆಕರಗಳ ಪಟ್ಟಿ ಮಾಡುವ ಗೋಳು ತಪ್ಪುತ್ತದೆ.

ಒಂದು ಎಚ್ಚರಿಕೆ. ಚಾಟ್‌ಜಿಪಿಟಿಗೆ ‘ರೆಫರೆನ್ಸ್ ಕೊಡು’ ಅಂದರೆ ಇಲ್ಲದ ಪೇಪರಿಗೂ ಹೆಸರು, ವರ್ಷ, ಪುಟಸಂಖ್ಯೆ ಹಾಕಿ ಕೊಡುತ್ತದೆ. ನೋಡಲು ಅಚ್ಚುಕಟ್ಟು. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ‘ಈ ಪೇಪರ್ ತೋರಿಸಿ’ ಅಂದಾಗ ಕಷ್ಟ. ನೀವು ಕಣ್ಣಾರೆ ತೆರೆದು ನೋಡದ ಯಾವ ಪೇಪರನ್ನೂ ಪಟ್ಟಿಗೆ ಸೇರಿಸಬೇಡಿ.

5. ಪರ್ಮಿಷನ್ ಲೆಟರ್

ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರ ಸಹಿ ಇರುವ ಪತ್ರ ಬೇಕು. ಸರ್ಕಾರಿ ಶಾಲೆಗಾದರೆ ಅದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ಅಲ್ಲಿಂದ ಮುಖ್ಯ ಶಿಕ್ಷಕರಿಗೆ ಬರೆದ ಪತ್ರ ತೆಗೆದುಕೊಳ್ಳಿ. ಹೋಗುವ ಮುಂಚೆ ಆ ಕ್ಲಸ್ಟರಿನ ಸಿಆರ್‌ಪಿಗೆ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಒಂದು ಫೋನ್ ಮಾಡಿ, ಕೆಲಸ ಬೇಗ ಆಗುತ್ತದೆ. ಮಕ್ಕಳನ್ನು ಪರೀಕ್ಷಿಸುವುದಿದ್ದರೆ ಪೋಷಕರ ಒಪ್ಪಿಗೆಯೂ ಬೇಕು. ಮಕ್ಕಳ ಹೆಸರು ಎಲ್ಲೂ ಬೇಡ, ನಂಬರ್ ಸಾಕು.

ಶಾಲೆಯ ಕ್ಯಾಲೆಂಡರ್ ನೋಡಿ ಹೋಗಿ. ಅಕ್ಟೋಬರಿನಲ್ಲಿ ದಸರಾ ರಜೆ. ಮಾರ್ಚ್ ಅಂದರೆ ಪರೀಕ್ಷೆ, ಯಾರೂ ನಿಮ್ಮತ್ತ ತಿರುಗಿ ನೋಡುವುದಿಲ್ಲ. ಏಪ್ರಿಲ್, ಮೇ ಬೇಸಿಗೆ ರಜೆ. ಹತ್ತಿ ಬಿಡಿಸುವ ತಿಂಗಳಲ್ಲಿ ರಾಯಚೂರು ಕಡೆಯ ಹಳ್ಳಿಶಾಲೆಗೆ ಹೋದರೆ ಮಕ್ಕಳೇ ಕಡಿಮೆ ಇರುತ್ತಾರೆ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ವಾರವನ್ನಂತೂ ಬಿಟ್ಟೇಬಿಡಿ.

ಸಣ್ಣ ಯೂನಿಟ್‌ಗಳಲ್ಲಿ ಪತ್ರಕ್ಕಿಂತ ಪರಿಚಯ ನಡೆಯುತ್ತದೆ. ಪೆನ್ನು, ಹಾಳೆ ಹಿಡಿದು ಗೊತ್ತಿಲ್ಲದವರು ಒಳಗೆ ಬಂದರೆ ಮಾಲೀಕರಿಗೆ ಮೊದಲು ಅನುಮಾನ: ಲೇಬರ್ ಆಫೀಸಿನವರಾ, ಜಿಎಸ್‌ಟಿಯವರಾ? ಐಡಿ ಕಾರ್ಡು ಕೊರಳಲ್ಲಿರಲಿ. ಮೊದಲನೇ ದಿನ ಬರೀ ಚಹಾ ಕುಡಿದು ಬನ್ನಿ. ಪ್ರಶ್ನೆ ಎರಡನೇ ದಿನ.

6. ಪ್ರಶ್ನಾವಳಿ: ಜಾಸ್ತಿ ಹಾಳಾಗುವುದು ಇಲ್ಲೇ

ಹೆಚ್ಚಿನವರು ನೆಟ್‌ನಿಂದ ಇಂಗ್ಲಿಷ್ ಪ್ರಶ್ನಾವಳಿ ಇಳಿಸಿ, ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ, ಹಾಗೇ ಜೆರಾಕ್ಸ್ ಮಾಡಿಸುತ್ತಾರೆ. ಅದರಲ್ಲಿ ‘ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ’ ಅಂತ ಐದು ಕಾಲಂ. ಇದಕ್ಕೆ ಲೈಕರ್ಟ್ ಸ್ಕೇಲ್ ಅನ್ನುತ್ತಾರೆ, ಅಭಿಪ್ರಾಯವನ್ನು ಒಂದರಿಂದ ಐದರವರೆಗೆ ಅಳೆಯುವ ಪಟ್ಟಿ.

ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ಹೊಲಿಗೆ ಯೂನಿಟ್‌ಗೆ ಹೋಗಿದ್ದೆ. ಈ ಹಾಳೆ ಓದಿ ಹೇಳಿದಾಗ ಒಬ್ಬ ಹೆಣ್ಣುಮಗಳು ಮಷೀನಿನ ಪೆಡಲ್ ಮೇಲಿನ ಕಾಲು ತೆಗೆಯದೆ ಕೇಳಿದಳು: ‘ಬಲವಾಗಿ ಒಪ್ಪೂದು ಅಂದ್ರ ಹ್ಯಾಂಗ್ರಿ ಅಕ್ಕಾರ? ಹೊಡದು ಒಪ್ಸೂದೇನು?’ ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ಎಲ್ಲರೂ ‘ಒಪ್ಪುತ್ತೇನೆ’ಗೇ ಟಿಕ್ ಹಾಕಿದರು. ಬೇಗ ಮುಗಿಯಲಿ ಅಂತ.

ಆ ಸಂಜೆ ಕೂತು ಕಾಲಂಗಳನ್ನು ಹೀಗೆ ಬದಲಿಸಿದೆವು: ಪೂರ್ತಿ ಹೌದು, ಸ್ವಲ್ಪ ಹೌದು, ಹೇಳಕ್ಕಾಗಲ್ಲ, ಸ್ವಲ್ಪ ಇಲ್ಲ, ಇಲ್ಲವೇ ಇಲ್ಲ. ಮರುದಿನ ಉತ್ತರಗಳು ಹರಡಿಕೊಂಡು ಬಂದವು. ಇನ್ನು ‘ನನಗೆ ಈ ಕೆಲಸ ಬೇಸರ ತರುವುದಿಲ್ಲ’ ಅನ್ನುವಂಥ ವಾಕ್ಯ ತೆಗೆದುಹಾಕಿ. ಇದಕ್ಕೆ ‘ಇಲ್ಲ’ ಅಂದರೆ ಬೇಸರ ಇದೆಯಾ ಇಲ್ಲವಾ? ಉತ್ತರ ಕೊಡುವವರಿಗೂ ಗೊತ್ತಾಗಲ್ಲ, ಲೆಕ್ಕ ಹಾಕುವ ನಿಮಗೂ ಗೊತ್ತಾಗಲ್ಲ.

ಬಳ್ಳಾರಿಯಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ. ರಾಯಚೂರಿನಲ್ಲೂ ಅಷ್ಟೇ. ಅನುವಾದ ಮಾಡಿಸಿದರೆ, ಅದನ್ನು ಮೂಲ ನೋಡದ ಇನ್ನೊಬ್ಬರ ಕೈಯಲ್ಲಿ ವಾಪಸ್ ಕನ್ನಡಕ್ಕೆ ಮಾಡಿಸಿ. ಎರಡು ಕನ್ನಡ ಪ್ರತಿ ಹೊಂದದಿದ್ದರೆ ಪ್ರಶ್ನೆಯಲ್ಲೇ ದೋಷ ಇದೆ.

ಹತ್ತಿಪ್ಪತ್ತು ಜನರ ಮೇಲೆ ಮೊದಲು ಪ್ರಯೋಗ ಮಾಡಿ. ಇದಕ್ಕೆ ಪೈಲಟ್ ಸ್ಟಡಿ ಅನ್ನುತ್ತಾರೆ. ಈ ಉತ್ತರಗಳ ಮೇಲೆ ‘ಕ್ರೋನ್‌ಬಾಕ್ ಆಲ್ಫಾ’ ನೋಡಿ. ಒಂದೇ ಸಂಗತಿಯನ್ನು ಅಳೆಯಲು ಇಟ್ಟ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವಾ ಅನ್ನುವುದರ ಅಳತೆ ಅದು. 0.7ರ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಡಿಮೆ ಇದ್ದರೆ ಪ್ರಶ್ನೆ ತಿದ್ದಿ. ಅಂಕಿ ತಿದ್ದುವವರೂ ಇದ್ದಾರೆ, ನೀವು ಹಾಗೆ ಮಾಡಬೇಡಿ. ಲೆಕ್ಕಕ್ಕೆ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಕೊಳ್ಳುವ ಅಗತ್ಯವಿಲ್ಲ, ‘ಜಾಸ್ಪ್’ ಉಚಿತ, ಇಷ್ಟೆಲ್ಲ ಅದರಲ್ಲೇ ಆಗುತ್ತದೆ.

7. ಎಷ್ಟು ಜನ? ಎಷ್ಟು ಕ್ಯೂಬ್?

‘384 ಜನ ಬೇಕಂತೆ ಮೇಡಂ’ ಅನ್ನುತ್ತಾರೆ. ಆ ಸಂಖ್ಯೆ 1970ರ ಕ್ರೆಜ್ಸಿ ಮತ್ತು ಮಾರ್ಗನ್ ಟೇಬಲ್ಲಿನದು. ಒಟ್ಟು 100 ಜನ ಇದ್ದರೆ 80, 1,000 ಇದ್ದರೆ 278, ಹತ್ತು ಲಕ್ಷ ಇದ್ದರೆ 384. ಆದರೆ ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದರೆ ಮಾತ್ರ ಆ ಟೇಬಲ್‌ಗೆ ಅರ್ಥ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರ ಹತ್ತಿರ 384 ಫಾರಂ ತುಂಬಿಸಿದರೆ ಅದು ದೊಡ್ಡ ಕಟ್ಟು, ಅಷ್ಟೇ. ಸಿಕ್ಕವರನ್ನೇ ಕೇಳಿದ್ದರೆ ಹಾಗಂತಲೇ ಬರೆಯಿರಿ, ತಪ್ಪೇನಿಲ್ಲ.

ಎಂಟೆಕ್‌ನವರೂ ಶುರುವಿನಲ್ಲೇ ಲೆಕ್ಕ ಹಾಕಿ. ಬೂದಿ 0, 5, 10, 15, 20 ಶೇಕಡಾ ಅಂತ ಐದು ಮಿಶ್ರಣ. 7, 28, 90 ದಿನಕ್ಕೆ ಪರೀಕ್ಷೆ. ಪ್ರತಿ ಸಲ ಮೂರು ಕ್ಯೂಬ್, ಅಂದರೆ ಒಡೆದು ಬಲ ನೋಡುವ ಕಾಂಕ್ರೀಟ್ ಘನ. ಒಟ್ಟು 45. 150 ಮಿ.ಮೀ. ಕ್ಯೂಬ್ ಒಂದು ಸುಮಾರು 8 ಕೆ.ಜಿ. ತೂಗುತ್ತದೆ, ಅಂದರೆ 360 ಕೆ.ಜಿ.ಗೂ ಜಾಸ್ತಿ ಕಾಂಕ್ರೀಟು. ಲ್ಯಾಬಿನಲ್ಲಿ ಒಂಬತ್ತೇ ಅಚ್ಚು ಇದ್ದರೆ ಐದು ಸಲ ಹಾಕಬೇಕು. ಜನವರಿ ಕೊನೆಗೆ ಹಾಕಿದ ಕ್ಯೂಬಿನ 90 ದಿನದ ಫಲಿತಾಂಶ ಬರುವುದು ಏಪ್ರಿಲ್ ಕೊನೆಗೆ. ನಿಮ್ಮ ಸಬ್ಮಿಷನ್ ಯಾವಾಗ?

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸಲೇಬೇಕು. ಕಾಂಕ್ರೀಟ್ ಪರೀಕ್ಷೆಯ ಭಾರತೀಯ ಮಾನದಂಡ ಐಎಸ್ 516 ಪ್ರಕಾರ ಕ್ಯೂರಿಂಗ್ ನೀರು, ಅಂದರೆ ಕ್ಯೂಬ್ ಮುಳುಗಿಸಿಡುವ ನೀರು, 27 ಡಿಗ್ರಿ ಸುತ್ತ ಇರಬೇಕು, 2 ಡಿಗ್ರಿ ಆಚೀಚೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟ ತೊಟ್ಟಿಯ ನೀರನ್ನು ಮಧ್ಯಾಹ್ನ ಮುಟ್ಟಿ ನೋಡಿ. ಬಿಸಿ ನೀರಿನಲ್ಲಿ ಕಾಂಕ್ರೀಟು ಶುರುವಿನಲ್ಲಿ ಬೇಗ ಗಟ್ಟಿಯಾಗುತ್ತದೆ, 7 ದಿನದ ಬಲ ಹುಸಿಯಾಗಿ ಜಾಸ್ತಿ ಬರಬಹುದು. ತೊಟ್ಟಿ ನೆರಳಲ್ಲಿರಲಿ. ದಿನಾ ಉಷ್ಣತೆ ಬರೆದಿಡಿ.

ಎಕ್ಸ್‌ಆರ್‌ಡಿಯಂಥ (ಬೂದಿಯ ಒಳರಚನೆಯನ್ನು ಎಕ್ಸ್‌ರೇಯಿಂದ ನೋಡುವ) ಪರೀಕ್ಷೆ ಹೊರಗೆ ಮಾಡಿಸುವುದಿದ್ದರೆ ಮೊದಲ ತಿಂಗಳಲ್ಲೇ ಸ್ಯಾಂಪಲ್ ಕಳಿಸಿಬಿಡಿ.

8. ಸರ್ಕಾರಿ ಅಂಕಿಅಂಶ ತೆಗೆದುಕೊಳ್ಳುವಾಗ

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರೂ ಜಿಲ್ಲೆಗಳ ಗಡಿ ಬದಲಾಗಿದೆ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. ಆದ್ದರಿಂದ 2011ರ ಜನಗಣತಿಯ ‘ಬಳ್ಳಾರಿ’ಯಲ್ಲಿ ಹೊಸಪೇಟೆಯೂ ಇದೆ, ಇವತ್ತಿನ ಬಳ್ಳಾರಿಯಲ್ಲಿ ಇಲ್ಲ. ಇವೆರಡನ್ನು ಪಕ್ಕಪಕ್ಕ ಇಟ್ಟು ‘ಕುಸಿತ ಕಂಡಿದೆ’ ಅಂತ ಬರೆದವರನ್ನು ನೋಡಿದ್ದೇನೆ. ತಾಲೂಕು ಮಟ್ಟದಲ್ಲಂತೂ ಇನ್ನೂ ಗೊಂದಲ. ಆ ಜನಗಣತಿಯಲ್ಲಿ ಕೊಪ್ಪಳಕ್ಕೆ ನಾಲ್ಕೇ ತಾಲೂಕು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಬಂದವು.

ತುಂಗಭದ್ರಾ ಡ್ಯಾಂ ಬಗ್ಗೆ ಬರೆಯುವವರು ಹಳೆಯ ಪುಸ್ತಕದಿಂದ 132 ಟಿಎಂಸಿ ಅಂತ ಹಾಕುತ್ತಾರೆ. ಅದು ಕಟ್ಟಿದಾಗಿನ ಸಾಮರ್ಥ್ಯ. ಹೂಳು ತುಂಬಿ ಈಗಿನ ಲೆಕ್ಕ 105.788 ಟಿಎಂಸಿ. ಯಾವ ಅಂಕಿ ಹಾಕಿದರೂ ಯಾವ ವರ್ಷದ ಅಳತೆ ಅಂತ ಪಕ್ಕದಲ್ಲೇ ಬರೆಯಿರಿ.

ಶಾಲೆಯ ಹಾಜರಾತಿ ನೋಡುವವರು ಮೂರು ಸಂಖ್ಯೆ ತೆಗೆದುಕೊಳ್ಳಿ: ಹಾಜರಿ ಪುಸ್ತಕದ್ದು, ಬಿಸಿಯೂಟದ ಲೆಕ್ಕದ್ದು, ನೀವೇ ತಲೆ ಎಣಿಸಿದ್ದು. ಮೂರೂ ಒಂದೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಯಾರನ್ನೂ ದೂರಬೇಡಿ, ಮೂರನ್ನೂ ಬರೆಯಿರಿ.

ಕಚೇರಿಯಲ್ಲಿ ಮಾಹಿತಿ ಕೊಡದಿದ್ದರೆ ಆರ್‌ಟಿಐ ಇದೆ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಖಾಸಗಿ ಕಂಪನಿಗೆ ಇದು ನಡೆಯಲ್ಲ.

9. ಬರವಣಿಗೆ, ಸಿಮಿಲಾರಿಟಿ

ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ (ಸಿಮಿಲಾರಿಟಿ) ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಆದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ರಾಜೆಕ್ಟ್ ನಿಮಗಿಂತ ಮುಂಚೆ ಎಷ್ಟು ಜನಕ್ಕೆ ಹೋಗಿದೆಯೋ ಆ ಅಂಗಡಿಯವರಿಗೇ ಗೊತ್ತು.

ಕನ್ನಡದಲ್ಲಿ ಬರೆಯುವ ಎಂಎಡ್‌ನವರು ಯುನಿಕೋಡ್‌ನಲ್ಲೇ ಟೈಪ್ ಮಾಡಿ ಅಥವಾ ಮಾಡಿಸಿ. ಹಳೆಯ ನುಡಿ ಫಾಂಟಿನ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಚೆಕ್ ಮಾಡುವ ಸಾಫ್ಟ್‌ವೇರಿಗೂ ಅದು ಹಾಗೇ ಕಾಣುತ್ತದೆ.

ಪೇಪರ್ ಪಬ್ಲಿಷ್ ಮಾಡುವ ಆತುರದಲ್ಲಿ ‘ಎರಡು ಸಾವಿರ ಕಟ್ಟಿ, ಮೂರು ದಿನದಲ್ಲಿ ಪ್ರಕಟ’ ಅನ್ನುವ ವಾಟ್ಸಾಪ್ ಜಾಹೀರಾತಿಗೆ ಬೀಳಬೇಡಿ. ತಮ್ಮ ಜರ್ನಲ್ ಯುಜಿಸಿ ಕೇರ್ ಅನ್ನುವ ಮಾನ್ಯ ಜರ್ನಲ್‌ಗಳ ಪಟ್ಟಿಯಲ್ಲಿದೆ ಅಂತ ಈಗಲೂ ಹೇಳಿಕೊಳ್ಳುತ್ತಾರೆ. ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲೇ ನಿಲ್ಲಿಸಿದೆ.

10. ವೈವಾ

ಬೈಂಡಿಂಗಿಗೆ ಕೊನೆಯ ದಿನ ಹೋಗಬೇಡಿ, ಅಂಗಡಿ ಮುಂದೆ ನಿಮ್ಮ ಇಡೀ ಕ್ಲಾಸೇ ನಿಂತಿರುತ್ತದೆ. ಒಳಗೆ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಇದನ್ನೇ ಯಾಕೆ ಆರಿಸಿಕೊಂಡಿರಿ?’ ಬಾಗಿಲು ಹುಡುಕಿ ಹೊರಟವರಿಗೆ ಇದಕ್ಕೆ ಉತ್ತರ ಬಾಯಿಪಾಠ ಮಾಡಬೇಕಾಗಿಲ್ಲ. ತುಂಬಿದ ಫಾರಂಗಳ ಕಟ್ಟು, ಲ್ಯಾಬ್ ನೋಟ್‌ಬುಕ್, ಪರ್ಮಿಷನ್ ಲೆಟರ್ ಚೀಲದಲ್ಲಿರಲಿ. ಕೇಳಿದ ಕೂಡಲೇ ತೆಗೆದು ಮೇಜಿನ ಮೇಲಿಡಿ.

ಪ್ರತಿ ಮಾಡಿಸುವಾಗ ಒಂದು ಜಾಸ್ತಿ ಮಾಡಿಸಿ. ಅದು ನಿಮ್ಮನ್ನು ಒಳಗೆ ಬಿಟ್ಟುಕೊಂಡ ಶಾಲೆಗೋ ಮಿಲ್ಲಿಗೋ ಹೋಗಲಿ. ಮುಂದಿನ ವರ್ಷ ನಿಮ್ಮ ಜೂನಿಯರ್ ಅದೇ ಬಾಗಿಲು ತಟ್ಟುತ್ತಾನೆ.